ಬಿಡುವಿಲ್ಲದ ಕೈಗಳು



ಇಳಿವಯಸ್ಸಿನಲ್ಲೂ ದುಡಿಯುವವರನ್ನು ಕಂಡಾಗ ನಾವು ಅವರ ಉತ್ಸಾಹವನ್ನು ಹೊಗಳುತ್ತೇವೆ. ಆದರೆ ಅವರಲ್ಲಿ ಎರಡು ಬಗೆಯವರಿದ್ದಾರೆ. ನಮ್ಮ ರಾಜ್ಯದ ಸರಕಾರಿ ಶಾಲೆಯ ಮೇಷ್ಟ್ರು 60ಕ್ಕೆ ನಿವೃತ್ತರಾಗುತ್ತಾರೆ. ಆಮೇಲೆ ಪಾಠ ಹೇಳಿದರೆ ಅದು ಅವರ ಇಷ್ಟ, ಸಾಕೆನಿಸಿದಾಗ ಬಿಡಬಹುದು. ದಕ್ಷಿಣ ಕನ್ನಡದ ಮನೆಗಳಲ್ಲಿ ಬೀಡಿ ಕಟ್ಟುವ ಅಜ್ಜಿಗೆ ಆ ಆಯ್ಕೆಯಿಲ್ಲ. ಅವರ ಮಜೂರಿ ಸಾವಿರ ಬೀಡಿಯ ಲೆಕ್ಕದ್ದು. ಕೈ ನಿಂತರೆ ಮಜೂರಿಯೂ ನಿಲ್ಲುತ್ತದೆ.

ಹತ್ತು ವರ್ಷ ಪಿ.ಎಫ್. ಕಟ್ಟಿದವರಿಗೆ 58ಕ್ಕೆ ಪಿಂಚಣಿ ಉಂಟು, ನಿಜ. ಆದರೆ 2014ರಲ್ಲಿ ಅದರ ಕನಿಷ್ಠ ಮೊತ್ತವೆಂದು ನಿಗದಿಯಾದದ್ದು ತಿಂಗಳಿಗೆ 1,000 ರೂಪಾಯಿ. ಅಷ್ಟರಲ್ಲಿ ಮನೆ ನಡೆಯುವುದೇ?

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಎಷ್ಟೋ ಮಂದಿಯ ಶಾಲೆಯ ಫೀಸು ಇಂಥ ಕೈಗಳಿಂದಲೇ ಬಂದಿದೆ. ಇಂದು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಅಜ್ಜಿಯ ಪಿ.ಎಫ್. ದಾಖಲೆಯಲ್ಲಿರುವ ಹೆಸರು, ಹುಟ್ಟಿದ ದಿನಾಂಕ ಆಧಾರ್‌ಗೆ ತಾಳೆಯಾಗುತ್ತದೆಯೇ ನೋಡಿ. ಪಿಂಚಣಿ ಬರುತ್ತಿದ್ದರೆ ಪ್ರತಿವರ್ಷ ಜೀವಿತ ಪ್ರಮಾಣಪತ್ರ ಕೊಡಿಸಿ. ನೆರೆಮನೆಯ ಅಜ್ಜಿಯನ್ನೂ ವಿಚಾರಿಸಿ. ಅವರು ಓದಿಸಿದ ಓದು ಮೊದಲು ಅವರ ಉಪಯೋಗಕ್ಕೇ ಬರಲಿ.