ರಾಜ್ಯಶಾಸ್ತ್ರ ಓದಿದವರ ಮುಂದಿನ ದಾರಿ



ರಾಜ್ಯಶಾಸ್ತ್ರವನ್ನು ಬೋಧಿಸುವುದೇ ನನ್ನ ವೃತ್ತಿ. ಬಿ.ಎ. ಮುಗಿಸಿದ ಹುಡುಗ ಹುಡುಗಿಯರೂ ಅವರಿಗಿಂತ ಹೆಚ್ಚಾಗಿ ಅವರ ತಾಯಿತಂದೆಯರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ: 'ಇದನ್ನು ಓದಿದರೆ ಮುಂದೇನು?' ಅನ್ನದ ಪ್ರಶ್ನೆಯನ್ನು ಶಾಸ್ತ್ರದ ಹೆಸರಿನಲ್ಲಿ ಬದಿಗೊತ್ತುವುದು ಸಲ್ಲದು. ಆದುದರಿಂದ ನೇರವಾಗಿಯೇ ಉತ್ತರಿಸಬಯಸುತ್ತೇನೆ.

ಬಹುಮಂದಿಯ ದೃಷ್ಟಿ ಮೊದಲು ಹರಿಯುವುದು ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯ ಕಡೆಗೆ. ಅಲ್ಲಿ ನಮ್ಮ ವಿಷಯಕ್ಕಿರುವ ಮನ್ನಣೆ ಸಣ್ಣದಲ್ಲ. ಮುಖ್ಯ ಪರೀಕ್ಷೆಯ ಲಿಖಿತ ಭಾಗದ 1,750 ಅಂಕಗಳಲ್ಲಿ 500 ಐಚ್ಛಿಕ ವಿಷಯಕ್ಕೆ ಮೀಸಲು. 'ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳು' ಅಂಥ ಐಚ್ಛಿಕಗಳಲ್ಲೊಂದು. ಸಾಮಾನ್ಯ ಅಧ್ಯಯನದ ಎರಡನೆಯ ಪತ್ರಿಕೆಯಲ್ಲಿಯೂ ಸಂವಿಧಾನಕ್ಕೆ, ಆಡಳಿತಕ್ಕೆ ದೊಡ್ಡ ಪಾಲುಂಟು. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಆದರೆ ಪೂರ್ವಭಾವಿ ಪರೀಕ್ಷೆಯ ಪ್ರಶ್ನೆಗಳು ಇಂಗ್ಲಿಷು ಹಿಂದಿಗಳಲ್ಲಿ ಮಾತ್ರ ಇರುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಇದನ್ನು ಮೊದಲೇ ಅರಿತಿರಬೇಕು.

2023ರ ಪರೀಕ್ಷೆಗೆ ಅರ್ಜಿ ಹಾಕಿದವರು ಹತ್ತು ಲಕ್ಷಕ್ಕೂ ಮಿಕ್ಕು. ನೇಮಕಕ್ಕೆ ಶಿಫಾರಸಾದವರು 1,016 ಮಂದಿ. ಉಳಿದವರೆಲ್ಲ ದಡ್ಡರೆಂದು ಇದರ ಅರ್ಥವಲ್ಲ, ಬಾಗಿಲು ಕಿರಿದು ಎಂದಷ್ಟೇ. ಸಾಮಾನ್ಯ ವರ್ಗದವರಿಗೆ ಆರು ಅವಕಾಶಗಳುಂಟು. ಆರನ್ನೂ ಬಳಸಿ ಬರಿಗೈಯಲ್ಲಿ ಎದ್ದವರಿಗೆ ಮೂವತ್ತು ಸಮೀಪಿಸಿರುತ್ತದೆ. ಆದಕಾರಣ ಎಷ್ಟು ಬಾರಿ ಪರೀಕ್ಷೆಗೆ ಕೂರುವುದೆಂಬುದನ್ನು ಮೊದಲ ಅರ್ಜಿಗೆ ಮುನ್ನವೇ ನಿಶ್ಚಯಿಸಿರಿ. ಆ ವರುಷಗಳಲ್ಲಿಯೇ ಇನ್ನೊಂದು ಪದವಿಯೂ ಕೈಗೂಡುತ್ತಿರಲಿ.

ಅಂಥ ಪದವಿಗಳಲ್ಲಿ ಮೊದಲನೆಯದು ಮೂರು ವರ್ಷದ ಕಾನೂನು ಶಿಕ್ಷಣ. ಸಂವಿಧಾನವನ್ನು ಓದಿದವರಿಗೆ ಇದು ಸಹಜವಾದ ಮುಂದುವರಿಕೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯೂ 2022ರಲ್ಲಿ ಈ ತರಗತಿಯನ್ನು ಆರಂಭಿಸಿತು. ಎರಡನೆಯದು ಎಂ.ಎ. ನಮ್ಮ ಹಳೆಯ ವಿಶ್ವವಿದ್ಯಾಲಯಗಳಲ್ಲದೆ ಕಲಬುರಗಿಯ ಬಳಿ ಕೇಂದ್ರೀಯ ವಿಶ್ವವಿದ್ಯಾಲಯವೂ ಇದೆ. ಎಂ.ಎ.ಯ ಬಳಿಕ ರಾಷ್ಟ್ರಮಟ್ಟದ ನೆಟ್ ಅಥವಾ ನಮ್ಮ ರಾಜ್ಯದ ಕೆ-ಸೆಟ್ ತೇರ್ಗಡೆಯಾದವರಿಗೆ ಕಾಲೇಜು ಅಧ್ಯಾಪನದ ಅರ್ಹತೆ ದೊರೆಯುತ್ತದೆ. ಪ್ರೌಢಶಾಲೆಯನ್ನು ಬಯಸುವವರಿಗೆ ಎರಡು ವರ್ಷದ ಬಿ.ಎಡ್. ಇದೆ.

ಮೂರನೆಯ ದಾರಿಯತ್ತ ಪಟ್ಟಣದವರ ಗಮನ ಹರಿಯುವುದು ಅಪರೂಪ. ಸಂವಿಧಾನದ 73ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದ ಮೇಲೆ ಗ್ರಾಮ ಪಂಚಾಯಿತಿ ಸಂವಿಧಾನದ ಆಸರೆ ಪಡೆದ ಸರ್ಕಾರವೇ ಆಯಿತು. ಆಯವ್ಯಯ, ಕಾಮಗಾರಿ, ಗ್ರಾಮಸಭೆಗಳನ್ನೆಲ್ಲ ನೋಡಿಕೊಳ್ಳುವ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಹುದ್ದೆ ಪದವೀಧರರಿಗೆ ತೆರೆದಿದೆ. ಗದಗದಲ್ಲಿ ಗ್ರಾಮೀಣಾಭಿವೃದ್ಧಿಗೆಂದೇ ಒಂದು ವಿಶ್ವವಿದ್ಯಾಲಯವಿದೆ. ತರಗತಿಯಲ್ಲಿ ನಾವು ವಿಕೇಂದ್ರೀಕರಣವೆಂದು ಬರೆಸುವುದನ್ನು ಅಲ್ಲಿ ಕುಡಿಯುವ ನೀರಿನ ಕೊಳವೆಯಾಗಿ, ಬೀದಿ ದೀಪವಾಗಿ ಕಾಣಬಹುದು.

ಡಿ.ವಿ.ಜಿ.ಯವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದ್ದು ಪ್ರಜೆಗೆ ರಾಜ್ಯದ ವಿಚಾರ ತಿಳಿದಿರಬೇಕೆಂದು. ಒಂದು ಕಾಯಿದೆಯನ್ನು ಓದಿ, ಅದರ ಅರ್ಥವನ್ನು ನೆರೆಮನೆಯವರಿಗೆ ತಿಳಿಯುವ ಕನ್ನಡದಲ್ಲಿ ಹೇಳಬಲ್ಲವರು ನ್ಯಾಯಾಲಯಕ್ಕೂ ಬೇಕು, ಶಾಲೆಗೂ ಬೇಕು, ಪಂಚಾಯಿತಿಗೂ ಬೇಕು. ಈ ಶಕ್ತಿಯನ್ನು ಮೂರು ವರ್ಷಗಳಲ್ಲಿ ಗಳಿಸಿಕೊಂಡ ವಿದ್ಯಾರ್ಥಿ, ಒಂದು ಪರೀಕ್ಷೆಯ ಫಲಿತಾಂಶ ಕೈಕೊಟ್ಟ ಮಾತ್ರಕ್ಕೆ ತನ್ನ ಓದು ವ್ಯರ್ಥವಾಯಿತೆಂದು ಬಗೆಯಬೇಕಾಗಿಲ್ಲ.