ಗುಲ್‌ಫಾಸ್‌ಗೆ ಹಾದಿ ಮಾಡಿದವಳು



ಪ್ರವಾಸದ ಅನುಭವ ಹೇಳಿ ಎಂದು ಕಾರ್ಯದರ್ಶಿಯವರು ಕೇಳಿದರು. ಇಡೀ ಪ್ರವಾಸ ಹೇಳಲು ಹೊರಟರೆ ಊಟ ತಣ್ಣಗಾಗುತ್ತದೆ. ಅದಕ್ಕೆ ಒಂದೇ ದಿನದ ಬಗ್ಗೆ ಮಾತಾಡುತ್ತೇನೆ. ಐಸ್‌ಲ್ಯಾಂಡ್ ದೇಶದಲ್ಲಿ ‘ಗೋಲ್ಡನ್ ಸರ್ಕಲ್’ ಎಂಬ ಬಸ್ ಪ್ರವಾಸವಿದೆ. ರಾಜಧಾನಿ ರೇಕ್ಯಾವಿಕ್‌ನಿಂದ ಬೆಳಿಗ್ಗೆ ಹೊರಟು ಸುಮಾರು 300 ಕಿಲೋಮೀಟರ್ ಸುತ್ತಿ ಸಂಜೆಗೆ ವಾಪಸ್. ಮುಖ್ಯವಾಗಿ ಮೂರು ಜಾಗ: ಥಿಂಗ್‌ವೆಲ್ಲಿರ್ ಎಂಬ ಬಿರುಕು ಬಿಟ್ಟ ಕಣಿವೆ, ಗೇಸಿರ್ ಎಂಬಲ್ಲಿ ಬಿಸಿನೀರಿನ ಬುಗ್ಗೆಗಳು, ಗುಲ್‌ಫಾಸ್ ಜಲಪಾತ. ನಾವು ಹೋದದ್ದು ಜೂನ್‌ನಲ್ಲಿ. ಆಗ ಅಲ್ಲಿ ರಾತ್ರಿಯೂ ಕತ್ತಲಾಗುವುದಿಲ್ಲ, ಆದರೂ ಗಾಳಿ ಕಿವಿ ಕತ್ತರಿಸುವಂತೆ ಬೀಸುತ್ತದೆ. ಸೀರೆಯ ಆಸೆ ಬಿಟ್ಟುಬಿಡಿ. ನೀರು ಒಳಗೆ ಬಿಡದ ಜಾಕೆಟ್, ಜಾರದ ಬೂಟು ಇದ್ದರೆ ಸಾಕು.

ಗೈಡ್ ಇರುವ ಪ್ರವಾಸ ಎಂದರೆ ನಮ್ಮಲ್ಲಿ ಸ್ವಲ್ಪ ತಾತ್ಸಾರ. ಇಳಿಯಿರಿ, ಫೋಟೊ ತೆಗೆಯಿರಿ, ಹತ್ತಿರಿ, ಅಷ್ಟೇ ತಾನೆ ಎನ್ನುತ್ತೇವೆ. ನಮ್ಮ ಗೈಡ್ ಐವತ್ತು ದಾಟಿದ ಹೆಂಗಸು. ಮೈಕ್ ಹಿಡಿದು ಆಕೆ ಮೊದಲು ಹೇಳಿದ್ದು ಹೆಸರಿನ ವಿಷಯ. ಆ ದೇಶದಲ್ಲಿ ಬಹುತೇಕರಿಗೆ ಮನೆತನದ ಹೆಸರಿಲ್ಲ. ತೋಮಸ್‌ನ ಮಗಳಾದರೆ ತೋಮಸ್‌ಡೋತ್ತಿರ್, ಮಗನಾದರೆ ತೋಮಸ್ಸೊನ್. ಮದುವೆಯಾದರೂ ಹೆಂಗಸಿನ ಹೆಸರು ಬದಲಾಗುವುದಿಲ್ಲ. ಬಸ್ಸಿನಲ್ಲಿದ್ದ ಹೆಂಗಸರೆಲ್ಲ ಮುಖ ಮುಖ ನೋಡಿಕೊಂಡೆವು.

ಮೊದಲ ನಿಲುಗಡೆ ಥಿಂಗ್‌ವೆಲ್ಲಿರ್. ಉತ್ತರ ಅಮೆರಿಕದ ಭೂಫಲಕವೂ ಯುರೇಷ್ಯಾದ ಭೂಫಲಕವೂ ಇಲ್ಲಿ ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಂತೆ ದೂರ ಸರಿಯುತ್ತಿವೆ. ಎರಡೂ ಬದಿಗೆ ಕಪ್ಪು ಕಲ್ಲಿನ ಗೋಡೆ, ನಡುವೆ ನಾವು ನಡೆಯುವ ದಾರಿ. ಕ್ರಿ.ಶ. 930ರಲ್ಲಿ ಇದೇ ಬಯಲಿನಲ್ಲಿ ‘ಆಲ್‌ಥಿಂಗ್’ ಎಂಬ ಜನಸಭೆ ಶುರುವಾಯಿತು. ಕಾನೂನು ಬರೆದಿಡುವ ಮೊದಲು ಅದನ್ನು ಬಾಯಿಪಾಠ ಮಾಡಿದ ಒಬ್ಬ ಅಧಿಕಾರಿ ಬಂಡೆಯ ಬಳಿ ನಿಂತು, ಮೂರು ವರ್ಷದಲ್ಲಿ ಎಲ್ಲವೂ ಮುಗಿಯುವಂತೆ ಹೇಳುತ್ತಿದ್ದನಂತೆ. 1944ರ ಜೂನ್ 17ರಂದು ದೇಶ ಗಣರಾಜ್ಯವಾದದ್ದನ್ನು ಘೋಷಿಸಿದ್ದೂ ಇಲ್ಲಿಯೇ. 2004ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಅಲ್ಲಿಯೇ ಒಂದು ಸಣ್ಣ ಸೇತುವೆ, ಕೆಳಗೆ ತಿಳಿನೀರಿನ ಮಡು. ಎಲ್ಲರೂ ಮೊಬೈಲ್ ತೆಗೆದೆವು. ಆ ಮಡುವಿನ ಹೆಸರಿನ ಅರ್ಥ ‘ಮುಳುಗಿಸುವ ಮಡು’ ಎಂದು ಗೈಡ್ ಹೇಳಿದಳು. 1564ರಲ್ಲಿ ಬಂದ ಕಠಿಣ ಕಾನೂನಿನ ನಂತರ ವ್ಯಭಿಚಾರ, ಶಿಶುಹತ್ಯೆಯಂಥ ಅಪರಾಧ ಹೊರಿಸಿ ಹೆಂಗಸರನ್ನು ಇಲ್ಲಿ ಮುಳುಗಿಸಿ ಕೊಲ್ಲುತ್ತಿದ್ದರು. ಹಾಗೆ ಸತ್ತವರು 18 ಮಂದಿ ಎಂದು ದಾಖಲೆಯಿದೆ. ಗಂಡಸರಿಗೆ ಶಿರಚ್ಛೇದ. ನಮ್ಮ ಜೊತೆಗಿದ್ದ ಹಿರಿಯರೊಬ್ಬರು, “ನೋಡಲು ಬಂದವರಿಗೆ ಇಂಥದ್ದೆಲ್ಲ ಯಾಕಮ್ಮ ಹೇಳಬೇಕು?” ಎಂದು ಕೇಳಿಯೇ ಬಿಟ್ಟರು. “ನೀರು ಚೆನ್ನಾಗಿದೆ ಎಂದು ಮಾತ್ರ ಹೇಳಿದರೆ ನೀವು ಅರ್ಧ ನೋಡಿದಂತೆ” ಎಂದಳು ಆಕೆ. ಕೋಪವಿಲ್ಲದೆ ಹೇಳಿದಳು. ಮಾತು ನನ್ನ ತಲೆಯಲ್ಲಿ ಉಳಿಯಿತು.

ಎರಡನೆಯದು ಗೇಸಿರ್. ಬಿಸಿನೀರು ಚಿಮ್ಮುವ ಬುಗ್ಗೆಗಳಿಗೆ ಇಂಗ್ಲಿಷಿನಲ್ಲಿರುವ ಗೀಸರ್ ಎಂಬ ಹೆಸರು ಬಂದದ್ದೇ ಈ ಜಾಗದಿಂದ. ನಮ್ಮ ಬಚ್ಚಲುಮನೆಯ ಗೀಸರಿನ ಮೂಲವೂ ಅದೇ! ಹಳೆಯ ದೊಡ್ಡ ಗೇಸಿರ್ ಈಗ ಚಿಮ್ಮುವುದು ಅಪರೂಪ. ಪಕ್ಕದ ಸ್ಟ್ರೋಕ್ಕುರ್ ಮಾತ್ರ ಐದು ಹತ್ತು ನಿಮಿಷಕ್ಕೊಮ್ಮೆ ಸಾಮಾನ್ಯವಾಗಿ 15-20 ಮೀಟರ್ ಮೇಲೆ ಹಾರುತ್ತದೆ. ಪ್ರೆಶರ್ ಕುಕ್ಕರ್ ಬಳಸುವ ನಮಗೆ ಇದರ ಗುಟ್ಟು ಬೇಗ ತಿಳಿಯುತ್ತದೆ. ಆಳದಲ್ಲಿರುವ ನೀರಿನ ಮೇಲೆ ಮೇಲಿನ ನೀರಿನ ಭಾರವಿರುತ್ತದೆ. ಅದರಿಂದ 100 ಡಿಗ್ರಿ ದಾಟಿದರೂ ಅದು ಕುದಿಯುವುದಿಲ್ಲ. ಕೊನೆಗೆ ಸ್ವಲ್ಪ ನೀರು ಆವಿಯಾಗಿ ಮೇಲಿನದನ್ನು ತಳ್ಳಿದ ಕೂಡಲೇ ಒತ್ತಡ ಇಳಿದು, ಉಳಿದದ್ದೆಲ್ಲ ಒಮ್ಮೆಲೇ ಕುದಿದು ಹಾರುತ್ತದೆ. ಹಾರುವ ಕ್ಷಣ ಮೊದಲು ನೀಲಿ ಗುಳ್ಳೆಯೊಂದು ಉಬ್ಬುತ್ತದೆ, ಅದನ್ನು ನೋಡಲು ಮರೆಯಬೇಡಿ. ಹಗ್ಗ ಕಟ್ಟಿದ ಗೆರೆ ದಾಟಿ ಮಕ್ಕಳು ಹೋಗದಂತೆ ಕೈ ಹಿಡಿದುಕೊಳ್ಳಿ.

ಸಸ್ಯಾಹಾರಿಗಳು ಚಿಂತೆ ಮಾಡಬೇಕಿಲ್ಲ. ಅದೇ ದಾರಿಯಲ್ಲಿ ಫ್ರಿಡ್‌ಹೇಮರ್ ಎಂಬ ಟೊಮೆಟೊ ತೋಟವಿದೆ. ಭೂಮಿಯ ಬಿಸಿನೀರಿನಿಂದ ಬೆಚ್ಚಗಿಟ್ಟ ಗಾಜಿನ ಮನೆಯಲ್ಲಿ ವರ್ಷವಿಡೀ ಬೆಳೆ. ಗಿಡಗಳ ನಡುವೆಯೇ ಕೂತು ಬಿಸಿ ಟೊಮೆಟೊ ಸೂಪು, ಬ್ರೆಡ್ಡು ತಿಂದೆವು. ನಮ್ಮ ಸಾರಿಗೆ ಸಮವಲ್ಲ, ಆದರೆ ಆ ಚಳಿಗೆ ಅಮೃತ.

ಕೊನೆಗೆ ಗುಲ್‌ಫಾಸ್. ಹೆಸರಿನ ಅರ್ಥ ‘ಚಿನ್ನದ ಜಲಪಾತ’. ಹಿಮನದಿಯ ಕರಗಿದ ನೀರನ್ನು ತರುವ ಹ್ವೀತಾ ನದಿ ಮೊದಲು 11 ಮೀಟರ್, ಆಮೇಲೆ 21 ಮೀಟರ್, ಹೀಗೆ ಎರಡು ಮೆಟ್ಟಿಲಾಗಿ ಕಿರಿದಾದ ಕಂದರಕ್ಕೆ ಧುಮುಕುತ್ತದೆ. ಎತ್ತರದಲ್ಲಿ ನಮ್ಮ ಜೋಗದ ಮುಂದೆ ಏನೂ ಅಲ್ಲ. ಜೋಗ 253 ಮೀಟರ್. ಆದರೆ ಇಲ್ಲಿ ನೀರು ನಿಂತವರ ಕಾಲ ಬುಡದಲ್ಲೇ ಬೀಳುತ್ತದೆ.

ಆ ಹಾದಿಯ ಬಳಿ ಕಲ್ಲಿನಲ್ಲಿ ಕೆತ್ತಿದ ಒಬ್ಬ ಹೆಂಗಸಿನ ಮುಖವಿದೆ. ಹೆಸರು ಸಿಗ್ರಿದುರ್ ತೋಮಸ್‌ಡೋತ್ತಿರ್. 1871ರಲ್ಲಿ ಹತ್ತಿರದ ಬ್ರಾಟ್‌ಹೋಲ್ಟ್ ಎಂಬ ರೈತರ ಮನೆಯಲ್ಲಿ ಹುಟ್ಟಿದವಳು, ಶಾಲೆಯ ಓದು ಇಲ್ಲದವಳು. ನೋಡಲು ಬಂದವರನ್ನು ಅವಳೂ ಅವಳ ಅಕ್ಕತಂಗಿಯರೂ ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಜಲಪಾತಕ್ಕೆ ಇಳಿಯುವ ಮೊದಲ ಕಾಲುದಾರಿ ಮಾಡಿದ್ದೂ ಅವರೇ. ಅಂದರೆ ಈ ಜಾಗದ ಮೊದಲ ಗೈಡ್‌ಗಳೇ ಹೆಣ್ಣುಮಕ್ಕಳು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿದೇಶಿ ಹೂಡಿಕೆದಾರರು ಇಲ್ಲಿ ವಿದ್ಯುತ್ ತಯಾರಿಸಲು ಬಂದರು. ಮೊದಲು ಬಂದವನಿಗೆ ಅವಳ ಅಪ್ಪ, ಗೆಳೆಯನನ್ನು ಯಾರಾದರೂ ಮಾರುತ್ತಾರೆಯೇ ಎಂದನಂತೆ. ಆದರೂ ಮುಂದೆ ಜಲಪಾತ ಗುತ್ತಿಗೆಗೆ ಹೋಯಿತು. ಸಿಗ್ರಿದುರ್ ಬಿಡಲಿಲ್ಲ. ತಾನು ಕೂಡಿಟ್ಟ ಹಣದಿಂದ ವಕೀಲರನ್ನು ಹಿಡಿದಳು. ನೂರು ಕಿಲೋಮೀಟರಿಗೂ ದೂರದ ರೇಕ್ಯಾವಿಕ್‌ಗೆ ಮತ್ತೆ ಮತ್ತೆ ಹೋದಳು, ನಡೆದುಕೊಂಡೇ ಹೋದಳು ಎನ್ನುತ್ತಾರೆ. ಕಾಮಗಾರಿ ಶುರುವಾದರೆ ಜಲಪಾತಕ್ಕೇ ಹಾರುತ್ತೇನೆ ಎಂದಳು. ಅವಳ ವಕೀಲ ಸ್ವೇನ್ ಬ್ಯೋರ್ನ್‌ಸೊನ್ ಮುಂದೆ 1944ರಲ್ಲಿ ದೇಶದ ಮೊದಲ ರಾಷ್ಟ್ರಾಧ್ಯಕ್ಷರಾದರು.

ಕೋರ್ಟಿನಲ್ಲಿ ಅವಳು ಗೆಲ್ಲಲಿಲ್ಲ. ಕೊನೆಗೆ ಗುತ್ತಿಗೆ ಹಣ ಬಾರದ ಕಾರಣ 1929ರಲ್ಲಿ ಗುತ್ತಿಗೆ ರದ್ದಾಯಿತು. ಹಾಗಾದರೆ ಅವಳ ಓಡಾಟ ವ್ಯರ್ಥವೇ ಎಂದು ನಾನು ಗೈಡ್‌ನ್ನು ಕೇಳಿದೆ. “ಅಷ್ಟು ವರ್ಷ ಯಾರೂ ಮರೆಯದ ಹಾಗೆ ನೋಡಿಕೊಂಡಳಲ್ಲ” ಎಂದಳು. ಸಿಗ್ರಿದುರ್ 1957ರಲ್ಲಿ ತೀರಿಕೊಂಡಳು. 1979ರಲ್ಲಿ ಗುಲ್‌ಫಾಸ್ ಸಂರಕ್ಷಿತ ಪ್ರದೇಶವಾಯಿತು.

ವಿದ್ಯುತ್ತೇ ಬೇಡ ಎಂದು ನಾನು ಹೇಳುತ್ತಿಲ್ಲ. ಐಸ್‌ಲ್ಯಾಂಡ್‌ನ ಕರೆಂಟು ಬಹುಪಾಲು ನೀರಿನಿಂದ, ಉಳಿದದ್ದು ಭೂಮಿಯ ಶಾಖದಿಂದ ಬರುತ್ತದೆ. ನಮ್ಮ ನಾಡಿನ ದೀಪಗಳನ್ನು ಹೊತ್ತಿಸಿದ್ದೂ ಶರಾವತಿಯೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮನೆ, ಗದ್ದೆ, ತೋಟ ಮುಳುಗಿಸಿಕೊಂಡವರ ಮಕ್ಕಳು ಮೊಮ್ಮಕ್ಕಳು ನಮ್ಮ ನಡುವೆಯೂ ಇರಬಹುದು. ಪುಣೆಯಲ್ಲಿರುವ ನಾವು ಮಳೆ ಬಂತೆಂದರೆ ಮುಳಶಿಯ ಕಡೆ ಪಿಕ್ನಿಕ್ ಹೋಗುತ್ತೇವೆ. ಆ ಅಣೆಕಟ್ಟಿನ ವಿರುದ್ಧ 1921ರಲ್ಲಿ ಸೇನಾಪತಿ ಬಾಪಟರ ಮುಂದಾಳತನದಲ್ಲಿ ಅಲ್ಲಿಯ ರೈತರು ಸತ್ಯಾಗ್ರಹ ಮಾಡಿದ್ದರು. ಸಿಗ್ರಿದುರ್ ಹೋರಾಡುತ್ತಿದ್ದ ಕಾಲವೇ ಅದು. ಗುಲ್‌ಫಾಸ್ ಉಳಿಯಿತು, ಮುಳಶಿಯ ಹಳ್ಳಿಗಳು ಮುಳುಗಿದವು. ಅಲ್ಲಿ ಕಲ್ಲಿನಲ್ಲಿ ಮುಖ ಕೆತ್ತಿದ್ದಾರೆ. ಇಲ್ಲಿ ನಾವು ಭಜಿ ತಿಂದು, ಸೆಲ್ಫಿ ತೆಗೆದು ವಾಪಸ್ ಬರುತ್ತೇವೆ.

ಅದಕ್ಕೆ ನನ್ನದೊಂದು ಸಲಹೆ. ನಮ್ಮ ಮಹಿಳಾ ವಿಭಾಗ ಮುಂದಿನ ಬಾರಿ ಜೋಗಕ್ಕೋ ಮುಳಶಿಗೋ ಬಸ್ ಮಾಡಿದಾಗ, ಅಂತ್ಯಾಕ್ಷರಿಯ ನಡುವೆ ಹತ್ತು ನಿಮಿಷ ಬಿಡುವು ಕೊಡಿ. ಆ ಊರಿನ ಒಬ್ಬ ಅಜ್ಜಿಯನ್ನೋ ಮೇಷ್ಟ್ರನ್ನೋ ಬಸ್ಸಿಗೆ ಹತ್ತಿಸಿಕೊಂಡು, ಈ ನೀರಿಗೆ ಹಾದಿ ಮಾಡಿದವರು ಯಾರು, ಇದಕ್ಕಾಗಿ ಏನೇನು ಕಳೆದುಕೊಂಡರು ಎಂದು ಕೇಳೋಣ. ಮಕ್ಕಳು ಕೇಳಿಸಿಕೊಳ್ಳಲಿ. ಈ ಮಳೆಗಾಲದ ಪ್ರವಾಸಕ್ಕೆ ಅಂಥವರನ್ನು ಹುಡುಕುವ ಕೆಲಸ ನಾನು ವಹಿಸಿಕೊಳ್ಳುತ್ತೇನೆ, ಇನ್ನಿಬ್ಬರು ಕೈಜೋಡಿಸಿದರೆ ಸಾಕು.