ಗೇರ್ ರಾಡಿನ ನಾಲ್ಕು ಅಕ್ಷರ



ವಿಜಯಪುರದ ಜೋರಾಪುರ ಪೇಟೆಯಂಥ ಹಳೇ ಪೇಟೆಯಲ್ಲಿ ಕಾರು ತಿರುಗಿಸಬೇಕಾದರೆ ನಾಲ್ಕಾರು ಸಲ ಹಿಂದೆ ಮುಂದೆ ಮಾಡಲೇಬೇಕು. ಆಟೊಮ್ಯಾಟಿಕ್ ಗಾಡಿಯಾದರೆ ಕ್ಲಚ್ಚಿನ ಗೋಜಿಲ್ಲ. ಆದರೆ ಗೇರ್ ರಾಡು ಇದ್ದೇ ಇದೆ; ಅದರ ಪಕ್ಕದಲ್ಲಿ ಪಿ (ಪಾರ್ಕ್), ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ (ಡ್ರೈವ್) ಎಂಬ ಅಕ್ಷರಗಳ ಸಾಲು. ಆ ಸಾಲನ್ನು ಕಟ್ಟಿದ್ದು ಅಪಘಾತಗಳ ಅನುಭವ.

1905ರಲ್ಲಿ ಜರ್ಮನಿಯ ಹರ್ಮನ್ ಫೋಟಿಂಗರ್ ಎಂಜಿನ್ನಿನ ಬಲವನ್ನು ದ್ರವದ ಮೂಲಕ ದಾಟಿಸುವ ಉಪಾಯಕ್ಕೆ ಪೇಟೆಂಟ್ ಪಡೆದರು. ಅದು ಹಡಗುಗಳಿಗಾಗಿ. ಅದೇ ತತ್ವ ಕಾರಿಗೆ ಬಂದಾಗ, ಎಂಜಿನ್ ತಿರುಗಿಸುವ ಚಕ್ರ ಎಣ್ಣೆಯನ್ನು ಚಿಮ್ಮಿಸಿತು, ಆ ಎಣ್ಣೆ ಎದುರಿನ ಚಕ್ರವನ್ನು ತಿರುಗಿಸಿತು. ಇಂಥ ಗಾಡಿಯನ್ನು ಡಿಗೆ ಹಾಕಿ ಬ್ರೇಕ್ ಬಿಟ್ಟರೆ ಸಾಕು, ತಾನೇ ತೆವಳುವುದು ಈ ಕಾರಣಕ್ಕೇ.

ಅಮೆರಿಕದ ಜನರಲ್ ಮೋಟರ್ಸ್ 1940ರ ಓಲ್ಡ್ಸ್‌ಮೊಬೈಲ್ ಕಾರಿನಲ್ಲಿ ಹೈಡ್ರಾಮ್ಯಾಟಿಕ್ ಎಂಬ ಗೇರ್ ಬಾಕ್ಸ್ ತಂದಿತು. ಅದರಲ್ಲಿ ಲೋ ಗೇರಿನ ಮಗ್ಗುಲಲ್ಲೇ ರಿವರ್ಸ್ ಇತ್ತು! ಮುಂದೆ ಹೋಗಬೇಕಾದ ಗಾಡಿ ಕೈತಪ್ಪಿದರೆ ಹಿಂದಕ್ಕೆ. ಕೊನೆಗೆ 1968ರಿಂದ ಅಲ್ಲಿನ ಸರಕಾರ, ಮುಂದಕ್ಕೂ ಹಿಂದಕ್ಕೂ ನಡುವೆ ನ್ಯೂಟ್ರಲ್ ಇರಲೇಬೇಕೆಂದು ನಿಯಮ ಮಾಡಿತು. 1980ರ ದಶಕದಲ್ಲಿ, ನಿಂತ ಗಾಡಿಗಳು ಒಮ್ಮೆಲೇ ನುಗ್ಗುತ್ತವೆ ಎಂಬ ದೂರುಗಳು ಎದ್ದವು. ಬ್ರೇಕ್ ಎಂದು ತಿಳಿದು ಆ್ಯಕ್ಸಿಲರೇಟರ್ ತುಳಿದದ್ದೇ ಬಹುಪಾಲು ಕಾರಣವೆಂದು 1989ರ ಸರಕಾರಿ ಅಧ್ಯಯನ ಹೇಳಿತು. ಬ್ರೇಕ್ ಒತ್ತದೆ ಪಿಯಿಂದ ಕದಲದ ಬೀಗ ಬಳಕೆಗೆ ಬಂದದ್ದು ಆ ಕಾಲದಲ್ಲೇ.

ನಮ್ಮಲ್ಲಿ ಗೇರ್ ಬದಲಿಸದೆ ಓಡಿಸುವ ರುಚಿ ಹಚ್ಚಿದ್ದು 1984ರ ಕೈನೆಟಿಕ್ ಹೋಂಡಾ ಸ್ಕೂಟರ್. 2001ರಲ್ಲಿ ಬೆಂಗಳೂರಿನ ರೇವಾ ಬಂತು, ಕ್ಲಚ್ಚೇ ಇಲ್ಲದ ವಿದ್ಯುತ್ ಕಾರು. 2014ರಲ್ಲಿ ಮಾರುತಿ ಸೆಲೆರಿಯೊ ಎಎಂಟಿಯನ್ನು ತಂದಿತು: ಗೇರ್ ಬಾಕ್ಸ್ ಹಳೆಯದೇ, ಕ್ಲಚ್ ತುಳಿದು ಗೇರ್ ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ಆದ್ದರಿಂದ ಏರಿನಲ್ಲಿ ಆ್ಯಕ್ಸಿಲರೇಟರ್ ಒತ್ತಿ ಗಾಡಿ ತಡೆದು ನಿಲ್ಲಿಸಿದರೆ ಕ್ಲಚ್ ಕಾಯ್ದು ಸವೆಯುತ್ತದೆ, ಬ್ರೇಕ್ ಹಿಡಿಯಿರಿ. ಇಂಥ ಅನೇಕ ಗಾಡಿಗಳಲ್ಲಿ ಪಿ ಇಲ್ಲ, ಹಾಗಾಗಿ ಹ್ಯಾಂಡ್ ಬ್ರೇಕ್ ಮರೆಯುವಂತಿಲ್ಲ.

ಪಿ ಇದ್ದರೂ ಗಾಡಿಯನ್ನು ಹಿಡಿಯುವುದು ಗೇರ್ ಬಾಕ್ಸಿನೊಳಗಿನ ಒಂದು ಸಣ್ಣ ಉಕ್ಕಿನ ಕೊಕ್ಕೆ. ಉರುಳುತ್ತಿರುವಾಗ ಪಿ ಹಾಕಿದರೆ ಅದು ಕಟಕಟ ಎಂದು ಹಲ್ಲಿಗೆ ಬಡಿಯುತ್ತದೆ. ಮೊದಲು ಪೂರ್ತಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಆಮೇಲೆ ಪಿ. ಡಿಯಿಂದ ಆರ್‌ಗೆ ಹೋಗುವಾಗಲೂ ಅಷ್ಟೇ, ಚಕ್ರ ನಿಂತಿರಬೇಕು. ತಿಕೋಟಾ, ಬಬಲೇಶ್ವರದ ದಾರಿಯ ಇಳುಕಲಿನಲ್ಲಿ ಪೆಟ್ರೋಲ್ ಉಳಿಯಲೆಂದು ನ್ಯೂಟ್ರಲ್ ಮಾಡಬೇಡಿ. ಎಂಜಿನ್ನಿನ ತಡೆ ತಪ್ಪುತ್ತದೆ. ಈಗಿನ ಎಂಜಿನ್ನುಗಳು ಗೇರಿನಲ್ಲೇ ಇಳಿಯುವಾಗ ಇಂಧನ ನಿಲ್ಲಿಸಿಕೊಳ್ಳುತ್ತವೆ.

ಕ್ಲಚ್ ಗಾಡಿ ಓಡಿಸಿ ರೂಢಿಯಾದವರಿಗೆ ಇನ್ನೊಂದು ಮಾತು. ಎಡಗಾಲಿಗೆ ಪೂರಾ ರಜೆ ಕೊಡಿ. ಬ್ರೇಕೂ ಆ್ಯಕ್ಸಿಲರೇಟರೂ ಬಲಗಾಲಿನದೇ ಆದರೆ ಎರಡನ್ನೂ ಒಮ್ಮೆಗೇ ತುಳಿಯುವ ಪ್ರಸಂಗ ಬರುವುದಿಲ್ಲ.